ಅಜ್ಜನ ಗಾಡಿಗೆ ಹೊಸ ಹಲಗೆ

ನೋವಿ ದ್ವೋರ್, ಟೆಕ್ಸಸ್
23 ಅಕ್ಟೋಬರ್ 1988, ಭಾನುವಾರ ಬೆಳಿಗ್ಗೆ

ಮುದ್ದು ಮಗ ಎರ್ವಿನ್‌ಗೆ ನಿನ್ನ ಅಮ್ಮನ ಆಶೀರ್ವಾದ.

ಮೈ ಹೇಗಿದೆ ಮಗಾ? ಕೈ ಹೇಗಿದೆ ಎಂದೇ ಮೊದಲು ಕೇಳಬೇಕಿತ್ತು. ಮೀನು ಸೀಳುವ ಕತ್ತಿ ಹೆಬ್ಬೆರಳಿಗೆ ತಾಗಿತು, ಏನಿಲ್ಲ ಎಂದು ಹಿಂದಿನ ಕಾರ್ಡಿನಲ್ಲಿ ನೀನು ಬರೆದಿದ್ದೆ. ನಿಮ್ಮಪ್ಪನ ಕಡೆಯವರ ಬಾಯಲ್ಲಿ 'ಏನಿಲ್ಲ' ಎಂದರೆ ಹೊಲಿಗೆ ಹಾಕಿಸಿಕೊಂಡಿದ್ದಾರೆ ಎಂದೇ ಅರ್ಥ. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಅಷ್ಟೂ ತಿಳಿಯುವುದಿಲ್ಲವೇ. ಗಾಯ ಮಾಗಿದೆಯೋ, ಕೀವುಗೀವು ಆಗಿದೆಯೋ, ಬೆರಳು ಮಡಿಸಲಿಕ್ಕೆ ಬರುತ್ತದೆಯೋ, ಎಲ್ಲವನ್ನೂ ಬಿಡಿಸಿ ಬರೆ. ಅಲಾಸ್ಕಾದಲ್ಲಿ ಈಗಲೇ ಹಿಮ ಬೀಳುತ್ತಿದೆ ಎಂದು ಟಿವಿಯಲ್ಲಿ ತೋರಿಸಿದರು. ನಾನು ಹೆಣೆದು ಕಳಿಸಿದ ಉಣ್ಣೆಯ ಕಾಲುಚೀಲ ತಲುಪಿತೋ ಇಲ್ಲವೋ ನೀನು ತಿಳಿಸಿಲ್ಲ. ತಲುಪಿದ್ದರೆ ಹಾಕಿಕೋ, ಬಣ್ಣ ಚೆನ್ನಾಗಿಲ್ಲ ಎಂದು ಮೂಲೆಗೆ ಎಸೆಯಬೇಡ. ಬೂಟಿನೊಳಗೆ ಯಾರು ಇಣುಕಿ ನೋಡುತ್ತಾರೆ. ಇಲ್ಲಿ ನಾನು ಗಟ್ಟಿಯಾಗಿದ್ದೇನೆ. ನಿಮ್ಮಪ್ಪನ ಮಂಡಿ ಮಳೆ ಬರುವ ಮೊದಲೂ ನೋಯುತ್ತದೆ, ಮಳೆ ಬಂದ ಮೇಲೂ ನೋಯುತ್ತದೆ. ಡಾಕ್ಟರ ಹತ್ತಿರ ಹೋಗೋಣ ಎಂದರೆ "ನನ್ನ ಮಂಡಿ ನಂಗೊತ್ತು ಕಣೇ" ಅನ್ನುತ್ತಾರೆ. ಮಂಡಿ ಗೊತ್ತಿದ್ದ ಹಾಗೆ ಗಾಡಿಯ ಅಳತೆಯೂ ಗೊತ್ತಿದ್ದರೆ ಇಷ್ಟು ಉದ್ದದ ಕಾಗದ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಅದನ್ನು ಹೇಳಲಿಕ್ಕೇ ಕೂತಿದ್ದೇನೆ, ಸಮಾಧಾನವಾಗಿ ಓದು.

ಅಜ್ಜನ ಪಿಕಪ್ ಗಾಡಿ ಮಾರಿಬಿಡಿ ಎಂದು ನೀನು ಆಗಸ್ಟಿನಲ್ಲಿ ಬರೆದೆಯಲ್ಲ, ಆ ಕಾರ್ಡನ್ನು ನಾನು ಊಟದ ಹೊತ್ತಿನಲ್ಲಿ ಗಟ್ಟಿಯಾಗಿ ಓದಿದೆ. ಬೇರೆ ಸುದ್ದಿ ಒಂದಕ್ಷರವೂ ಇರಲಿಲ್ಲ, ಅದೊಂದೇ ಸಾಲು. ನಿಮ್ಮಪ್ಪ ಶ್ಯಾವಿಗೆ ಹಾಕಿದ ಕೋಳಿಸಾರು ಕುಡಿಯುತ್ತಿದ್ದವರು "ಅವನ ಗಾಡಿ, ಅವನು ಮಾರು ಅಂದ್ಮೇಲೆ ಮುಗೀತು" ಎಂದು ಚಮಚ ಕೆಳಗಿಟ್ಟು ಎದ್ದುಹೋದರು. ಸಾರು ಆರಿ ಮೇಲೆ ಕೊಬ್ಬು ಕಟ್ಟಿದರೂ ಒಳಗೆ ಬರಲಿಲ್ಲ. ನೋಡಿದರೆ ಹುಲ್ಲಿನ ಕೊಟ್ಟಿಗೆಯಲ್ಲಿ ಗಾಡಿಯ ಮುಂದೆ ನಿಂತಿದ್ದಾರೆ. ಹೋದ ವರ್ಷದ ಮೇ ತಿಂಗಳಲ್ಲಿ ನೀನು ತಂದು ನಿಲ್ಲಿಸಿದ ಜಾಗದಿಂದ ಅದು ಅಲುಗಿರಲಿಲ್ಲ. ಕೋಳಿಗಳು ಸೀಟಿನ ಮೇಲೆ ಮೊಟ್ಟೆ ಇಡುತ್ತಿದ್ದವು. ಮೇಲಿನ ತಗಡು ಸೋರಿ, ಮಳೆನೀರೆಲ್ಲ ಹಿಂದೆ ಸಾಮಾನು ಹೇರುವ ತೊಟ್ಟಿಗೆ ಬಿದ್ದು, ತಳದ ಮರದ ಹಲಗೆಗಳು ಕೊಳೆತು ಕರಿದಾಗಿದ್ದವು. ಎಷ್ಟರಮಟ್ಟಿಗೆ ಕೊಳೆತಿವೆ ನೋಡೋಣ ಎಂದು ನಿಮ್ಮಪ್ಪ ಹತ್ತಿದರು, ಒಂದು ಕಾಲು ಮೊಣಕಾಲಿನವರೆಗೆ ಕೆಳಗಿಳಿಯಿತು. ಅದೂ ನೋಯುವ ಕಾಲೇ.

ಕೊಳ್ಳುವವನು ಸಿಕ್ಕಿದ್ದಾನೆ. ಹ್ಯೂಸ್ಟನ್ನಿನಲ್ಲಿ ಹಲ್ಲಿನ ಡಾಕ್ಟರು. ಇಂಥ ಹಳೆಯ ಗಾಡಿಗಳನ್ನು ಮನೆಯ ಹಿಂದೆ ಸಾಲಾಗಿ ನಿಲ್ಲಿಸಿಕೊಂಡು ರಜೆಯ ದಿನ ಒರೆಸುತ್ತಾನಂತೆ. ನವೆಂಬರಿನ ಸತ್ತವರ ಹಬ್ಬ ಮುಗಿದ ಮೇಲಿನ ಶನಿವಾರ ಬರುತ್ತೇನೆ, ತಳ ಹೊಸದಾಗಿ ಹಾಕಿಸಿಡಿ, ತೂತು ತಳದ ಗಾಡಿ ನನಗೆ ಬೇಡ ಎಂದಿದ್ದಾನೆ. ಹೀಗೆ ಈ ಹಲಗೆಯ ಪುರಾಣ ಶುರುವಾಯಿತು.

ಅವತ್ತಿನ ವಿಷಯ ಬರೆಯಬಾರದು ಎಂದುಕೊಂಡಿದ್ದೆ. ಅದನ್ನು ಬಿಟ್ಟು ಹಲಗೆಯ ವಿಷಯ ಹೇಗೆ ಬರೆಯಲಿ, ನೀನೇ ಹೇಳು. ಊರಿನ ಡಾನ್ಸ್ ಹಾಲ್‌ನಿಂದ ಕುಣಿದು ಬರುವಾಗ ನಮ್ಮೂರ ಹುಡುಗರು ಗಾಡಿಯ ತೊಟ್ಟಿಯಲ್ಲಿ ನಿಂತೇ ಬರುವುದು. ನಿಮ್ಮಪ್ಪ ಹಾಗೇ ಬರುತ್ತಿದ್ದರು, ಅವರ ಹಿಂದೆ ನಾನೂ ಬಂದಿದ್ದೇನೆ. ಅವತ್ತು ನೀನು ಓಡಿಸುತ್ತಿದ್ದೆ, ನಿನ್ನ ಜೊತೆಯೇ ಬೆಳೆದ ಲಾಡಿಸ್ ಹಿಂದೆ ನಿಂತಿದ್ದ. ಹಳ್ಳದ ಸೇತುವೆಯ ಹತ್ತಿರ ಜಿಂಕೆ ಹಾರಿತು, ನೀನು ಬ್ರೇಕ್ ಹಾಕಿದೆ, ಅವನು ಹೊರಗೆ ಬಿದ್ದ. ಶೆರಿಫ್ ನಿನ್ನ ತಪ್ಪಿಲ್ಲ ಎಂದರು, ಪಾದ್ರಿಗಳು ನಿನ್ನ ತಪ್ಪಿಲ್ಲ ಎಂದರು, ನಾನಂತೂ ಎಷ್ಟು ಸಲ ಹೇಳಿದೆನೆಂದರೆ ಕೊನೆಕೊನೆಗೆ ಆ ಮಾತಿಗೇ ಬೆಲೆ ಇಲ್ಲದಂತಾಯಿತು. ಅವನನ್ನು ಮಣ್ಣು ಮಾಡುವಾಗ ನೀನು ದೂರ ಬೇಲಿಯ ಹತ್ತಿರ ನಿಂತಿದ್ದು ಹಾಗೇ ಹೊರಟುಬಂದೆ. ಲಾಡಿಸ್‌ನ ಮನೆಗೂ ಹೋಗಲಿಲ್ಲ. ಎರಡು ತಿಂಗಳಾಗುತ್ತಲೇ ಅಲಾಸ್ಕಾಕ್ಕೆ ಹೊರಟೆ. ಎಲ್ಲರೂ ನಿನ್ನ ತಪ್ಪಿಲ್ಲ ಅಂದರು ನಿಜ, ಲಾಡಿಸ್‌ನ ಅಪ್ಪ ಅಮ್ಮ ಮಾತ್ರ ಏನೂ ಹೇಳಲಿಲ್ಲ. ನೀನು ಅದಕ್ಕೇ ಹೋದೆ ಎಂದು ನನಗೆ ಗೊತ್ತು.

ಇರಲಿ, ಹಲಗೆಗೆ ಬರುತ್ತೇನೆ. ಈ ಹಳೇ ಗಾಡಿಗಳಿಗೆ ಬೇಕಾದ ಸಾಮಾನನ್ನು ಅಂಚೆಯಲ್ಲಿ ಕಳಿಸುವ ಅಂಗಡಿಗಳಿವೆಯಲ್ಲ, ಅದರಲ್ಲೊಂದಕ್ಕೆ ನಿಮ್ಮಪ್ಪ ಫೋನ್ ಮಾಡಿದರು. ಐವತ್ತಮೂರನೇ ಇಸವಿಯ ಗಾಡಿ, ಅರ್ಧ ಟನ್ನಿನದು, ತಳಕ್ಕೆ ಓಕ್ ಮರದ ಹಲಗೆ ಪೂರ್ತಿ ಒಂದು ಸೆಟ್ಟು ಎಂದು ಗತ್ತಿನಿಂದ ಹೇಳಿದರು. ಒಂದು ಸಲ ಅಳೆದು ನೋಡಿ ಅಂದೆ. "ಮಾವನ ಗಾಡಿ ನಂಗೊತ್ತಿಲ್ವೇನೇ? ಅದು ಚಿಕ್ಕದು ಚಿಕ್ಕದು ಅಂತ ನನ್ನ ಮದುವೆಯಾದಾಗಿಂದ ಅವರ ಬಾಯಲ್ಲೇ ಕೇಳ್ತಾ ಬಂದಿದೀನಿ" ಎಂದರು. ಹಲಗೆ ಬಂತು. ನುಣ್ಣಗೆ ಹೊಳೆಯುತ್ತಿತ್ತು, ಅದರ ಮೇಲೆ ಹಿಟ್ಟು ಲಟ್ಟಿಸಬಹುದಿತ್ತು. ತೊಟ್ಟಿಯಲ್ಲಿ ಜೋಡಿಸಿದರೆ ಹಿಂಬಾಗಿಲ ಹತ್ತಿರ ಒಂದು ಗೇಣು ಗಿಡ್ಡ. ನಿಮ್ಮಪ್ಪ ಹಲಗೆಗಳನ್ನೆಲ್ಲ ಹಿಂದಕ್ಕೆ ತಳ್ಳಿದರು, ಆಗ ಮುಂದುಗಡೆ ಒಂದು ಗೇಣು ಗಿಡ್ಡ. ಮತ್ತೆ ಮುಂದಕ್ಕೆ ತಳ್ಳಿದರು. ಹೀಗೆ ಬಹಳ ಹೊತ್ತು ತಳ್ಳಾಡಿದ ಮೇಲೆ ಟೇಪು ತರಲು ಒಪ್ಪಿದರು.

ಅಳೆದ ಮೇಲೆ ಗುಟ್ಟು ಹೊರಬಿತ್ತು. ಆ ಗಾಡಿ ಚಿಕ್ಕದಲ್ಲವೇ ಅಲ್ಲ ಮಗಾ, ಮುಕ್ಕಾಲು ಟನ್ನಿನ ದೊಡ್ಡ ಗಾಡಿ. ನಿನ್ನ ಅಜ್ಜ ಬದುಕಿರುವಷ್ಟು ದಿನ ಊರಿಗೆಲ್ಲ ಸುಳ್ಳು ಹೇಳಿದ್ದಾನೆ. ದೊಡ್ಡದು ಎಂದು ಗೊತ್ತಾದರೆ ಒಬ್ಬರು ಹತ್ತಿ ಹೇರಿಕೊಡು ಅನ್ನುತ್ತಾರೆ, ಇನ್ನೊಬ್ಬರು ಹಂದಿ ಸಾಗಿಸಿಕೊಡು ಅನ್ನುತ್ತಾರೆ, ಬೀಗರು ಮಂಚ ಬೀರು ಅನ್ನುತ್ತಾರೆ. ಅದಕ್ಕೇ ಮೂತಿಯ ಪಕ್ಕದಲ್ಲಿದ್ದ ನಂಬರಿನ ಬಿಲ್ಲೆಯನ್ನು ಕಿತ್ತುಹಾಕಿ, ಕೇಳಿದವರಿಗೆಲ್ಲ "ಇದು ಅರ್ಧ ಟನ್ನಿನ ಬಡಪಾಯಿ ಗಾಡಿ ಕಣ್ರಪ್ಪಾ, ನಿಮ್ಮ ಹತ್ತಿ ಹೇರಿದ್ರೆ ಬೆನ್ನು ಮುರ್ಕೊಳ್ತದೆ" ಅನ್ನುತ್ತಿದ್ದ. ಊರು ನಂಬಿತು, ಅಳಿಯ ನಂಬಿದ, ಸ್ವಂತ ಮಗಳು ನಾನು ನಂಬಿದೆ. ನಿಮ್ಮಪ್ಪ ಟೇಪು ಕೈಯಲ್ಲಿ ಹಿಡಿದು ಹಿಂಬಾಗಿಲ ಮೇಲೆ ಕೂತು "ಮಾವ ಸತ್ತು ಮಣ್ಣಾದ್ಮೇಲೂ ನನ್ನ ಕಾಲೆಳೀತಾನಲ್ಲೇ" ಎಂದು ನಗಲು ಶುರುಮಾಡಿದರು. ನನಗೂ ನಗು ತಡೆಯಲಾಗಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕೆ. ನೀನು ಹೋದ ಮೇಲೆ ಈ ಮನೆಯಲ್ಲಿ ಹಾಗೆ ನಕ್ಕದ್ದು ಅದೇ ಮೊದಲು. ಆಮೇಲೆ, ಹೊಸ ಹಲಗೆಗೆ ಇನ್ನು ಯಾರನ್ನು ಕೇಳಬೇಕು ಎನ್ನುವುದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

ಅಂಥ ಹಲಗೆಗಳನ್ನು ಯಾವನೋ ಒಬ್ಬ ಗರಗಸದಲ್ಲಿ ಕೊಯ್ದುಕೊಟ್ಟರೆ ಆಗುವುದಿಲ್ಲ. ಎರಡು ಹಲಗೆಯ ಸಂದಿಯ ಮೇಲೆ ಕಬ್ಬಿಣದ ಪಟ್ಟಿ ಕೂರಬೇಕು, ಅದು ಸಮಕ್ಕೆ ಕೂರಲು ಪ್ರತಿ ಹಲಗೆಯ ಅಂಚನ್ನೂ ಮೆಟ್ಟಿಲಿನಂತೆ ಸಣ್ಣಗೆ ಕೆತ್ತಬೇಕು. ಅದಕ್ಕೆ ಯಂತ್ರ ಬೇಕು, ಕೈ ಬೇಕು. ಅಂಗಡಿಯವರು ಬದಲಿ ಹಲಗೆ ಕಳಿಸಲು ತಿಂಗಳಾಗುತ್ತದೆ ಎಂದರು. ಪಕ್ಕದೂರಿನ ಬಡಗಿ ಕ್ರಿಸ್‌ಮಸ್ ಕಳೆದು ಬಾ ಎಂದ. ಉಳಿದವರು ಆಲ್ಫೊನ್ಸ್ ಮಾಮ ಒಬ್ಬರೇ, ಲಾಡಿಸ್‌ನ ಅಪ್ಪ. ನಮ್ಮ ಅಡುಗೆಮನೆಯ ಬೀರು, ನೀನು ಮಲಗುತ್ತಿದ್ದ ಮಂಚ, ಎಲ್ಲ ಅವರ ಕೈಯದೇ. ಪ್ರತಿ ಭಾನುವಾರ ಮಧ್ಯಾಹ್ನ ಅವರೂ ನಿಮ್ಮಪ್ಪನೂ ಇಸ್ಪೀಟು ಹಾಕುತ್ತ ಒಬ್ಬರನ್ನೊಬ್ಬರು ಕಳ್ಳ ಎಂದು ಬೈದಾಡುತ್ತಿದ್ದರು, ನಾನೂ ಲಾಡಿಸ್‌ನ ಅಮ್ಮ, ನಿನ್ನ ವ್ಲಾಸ್ತಾ ಅತ್ತೆಯೂ ಒಳಗೆ ಗಸಗಸೆ ತುಂಬಿದ ಕೊಲಾಚೆ ಬನ್ನು ಬೇಯಿಸುತ್ತಿದ್ದೆವು, ನೀವಿಬ್ಬರು ಹುಡುಗರು ಮೇಜಿನ ಕೆಳಗೆ ಹಿಟ್ಟಿನುಂಡೆ ಕದ್ದು ತಿನ್ನುತ್ತಿದ್ದಿರಿ. ಈಗ ಚರ್ಚಿನಲ್ಲಿ ಅವರು ಮರಿಯಮ್ಮನ ಬದಿಗೆ ಕೂರುತ್ತಾರೆ, ನಾವು ಜೋಸೆಫಪ್ಪನ ಬದಿಗೆ. ಯಾರೂ ಜಗಳವಾಡಲಿಲ್ಲ. ಜಗಳವಾಡಿದ್ದರೆ ರಾಜಿ ಮಾಡಿಕೊಳ್ಳಬಹುದಿತ್ತು.

ನಿಮ್ಮಪ್ಪ ನಾನು ಹೋಗುವುದಿಲ್ಲ ಎಂದು ಕೂತುಬಿಟ್ಟರು. ನಾನು ಹಳೆಯ ಹಲಗೆಗಳಲ್ಲಿ ಮುರಿಯದೆ ಉಳಿದದ್ದೊಂದನ್ನು ಅಳತೆಗೆಂದು ಕಾರಿನಲ್ಲಿ ಹಾಕಿಕೊಂಡೆ. ಅದು ಕಿಟಕಿಯಿಂದ ಹೊರಗೆ ಚಾಚಿಕೊಂಡಿತು, ತುದಿಗೆ ಕೆಂಪು ಬಟ್ಟೆ ಕಟ್ಟಿದೆ. "ಯಾವ ಮುಖ ಇಟ್ಕೊಂಡು ಹೋಗ್ತೀಯೇ?" ಎಂದು ನಿಮ್ಮಪ್ಪ ಬಾಗಿಲಲ್ಲಿ ನಿಂತು ಕೇಳಿದರು. "ಇರೋದೊಂದೇ ಮುಖ ಕಣ್ರೀ, ಅದನ್ನೇ ಇಟ್ಕೊಂಡು ಹೋಗ್ತೀನಿ" ಎಂದು ಕಾರು ಬಿಟ್ಟೆ. ಧೈರ್ಯದ ಮಾತೇನೋ ಆಡಿದೆ, ಅವರ ಗೇಟಿನ ಮುಂದೆ ಎರಡು ಸಲ ಹಾದುಹೋಗಿ ಮೂರನೇ ಸಲಕ್ಕೆ ಒಳಗೆ ತಿರುಗಿಸಿದೆ.

ಆಲ್ಫೊನ್ಸ್ ಮಾಮ ತಮ್ಮ ಕೊಟ್ಟಿಗೆಯಲ್ಲಿ ಕುರ್ಚಿಯ ಕಾಲಿಗೆ ಅಂಟು ಹಚ್ಚುತ್ತಿದ್ದರು. ನನ್ನನ್ನು ನೋಡಿದರು, ಹಲಗೆಯನ್ನು ನೋಡಿದರು. ಯಾವ ಗಾಡಿಯದು ಎಂದು ಕೇಳಲಿಲ್ಲ. ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡು, ಯಾವ ಮರ ಸಿಕ್ಕರೂ ಮಾಡುವಂತೆ ಆ ತುದಿಯಿಂದ ಈ ತುದಿಗೆ ಒಮ್ಮೆ ಕೈಯಾಡಿಸಿದರು. ಹೆದರಿಕೆಯಾದಾಗ ನನ್ನ ಬಾಯಿಗೆ ಕಡಿವಾಣ ಇರುವುದಿಲ್ಲ, ನಿನಗೆ ಗೊತ್ತೇ ಇದೆ. ಅಜ್ಜನ ಸುಳ್ಳು, ಗೇಣು ಗಿಡ್ಡ, ನಿಮ್ಮಪ್ಪ ತಳ್ಳಾಡಿದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅವರ ತುಟಿಯ ಕೊನೆ ಒಂದಿಷ್ಟು ಅಲುಗಿತು. ನಗಲಿಲ್ಲ. "ಯಾಕೀಗ ತಳ ಹಾಕಿಸ್ತಿರೋದು?" ಎಂದು ಕೇಳಿದರು. ಮಾರಲಿಕ್ಕೆ ಅಂದೆ. "ಮಾರು ಅಂದಿದ್ದು ಯಾರು?" ಎರ್ವಿನ್ ಅಂದೆ, ಕಾರ್ಡಿನಲ್ಲಿ ಬರೆದಿದ್ದಾನೆ ಅಂದೆ. ಹಲಗೆಯನ್ನು ಗೋಡೆಗೆ ಒರಗಿಸುತ್ತ, ನನ್ನ ಕಡೆ ತಿರುಗದೆ, "ನಮಗೆ ಕಾರ್ಡೂ ಇಲ್ಲ" ಎಂದರು.

ನಾನು ಯಾವತ್ತೂ ನಿನ್ನ ಪರವಾಗಿಯೇ ಮಾತಾಡಿದವಳು. ಸ್ಕೂಲಿನಲ್ಲಿ ಕಿಟಕಿ ಒಡೆದಾಗಲೂ ಹೆಡ್‌ಮಾಸ್ಟರ ಮುಂದೆ ಕಲ್ಲಿನದೇ ತಪ್ಪು ಎನ್ನುವಂತೆ ವಾದ ಮಾಡಿದವಳು. ಅವತ್ತು ಆ ಕೊಟ್ಟಿಗೆಯಲ್ಲಿ ನಿನ್ನ ಮೇಲೆ ಸಿಟ್ಟು ಬಂತು ಎರ್ವಿನ್. ಬರೆದುಬಿಡುತ್ತೇನೆ, ಇನ್ನೂ ಇಳಿದಿಲ್ಲ. ಜಿಂಕೆ ಹಾರಿದ್ದಕ್ಕಲ್ಲ, ಬ್ರೇಕ್ ಹಾಕಿದ್ದಕ್ಕಲ್ಲ. ಆ ಮನೆಯ ಬಾಗಿಲಿಗೆ ಒಮ್ಮೆಯೂ ಹೋಗಿ ನಿಲ್ಲದೆ ಅಷ್ಟು ದೂರ ಓಡಿದ್ದಕ್ಕೆ. ನೀನು ನನ್ನ ಮಗ, ನಿನ್ನ ನೆನಪಾದರೆ ಅನ್ನ ಸೇರುವುದಿಲ್ಲ, ಆದರೂ ಸಿಟ್ಟಿದೆ. ಎರಡೂ ಒಟ್ಟಿಗೆ ಇರುತ್ತವೆ, ಏನು ಮಾಡಲಿ.

ಹೊರಡುವಾಗ ವ್ಲಾಸ್ತಾ ಹಿತ್ತಿಲ ಬಾಗಿಲಿಗೆ ಬಂದಳು. ಕೈ ತುಂಬ ಹಿಟ್ಟಿತ್ತು. ಬಹಳ ಇಳಿದುಹೋಗಿದ್ದಾಳೆ, ಕೂದಲಿಗೆ ಬಣ್ಣ ಹಾಕುವುದನ್ನೂ ಬಿಟ್ಟಿದ್ದಾಳೆ. "ಚೆನ್ನಾಗಿದಾನಾ?" ಎಂದಳು. ನಿನ್ನ ಹೆಸರು ಹೇಳಲಿಲ್ಲ. ನನಗೆ ಏನು ತೋಚಿತೋ, ಮೀನು ಕೊಯ್ಯುವಾಗ ಬೆರಳು ಕತ್ತರಿಸಿಕೊಂಡಿದ್ದಾನೆ ಪಾಪ ಎಂದುಬಿಟ್ಟೆ. "ಬೆರಳು ತಾನೇ, ವಾಸಿಯಾಗುತ್ತೆ" ಎಂದು ಒಳಗೆ ಹೋದಳು. ನಾನು ದಾರಿಯಲ್ಲಿ ಕಾರು ನಿಲ್ಲಿಸಿ ಅತ್ತುಬಿಟ್ಟೆ. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹಿಂದೆಯಾಗಿದ್ದರೆ ನಿನಗೆ ಏನು ಮುಲಾಮು ಕಳಿಸಬೇಕೆಂದು ಅವಳೇ ಓಡಿಬರುತ್ತಿದ್ದಳು.

ಮೊನ್ನೆ ಶುಕ್ರವಾರ ಬೆಳಿಗ್ಗೆ ಆಲ್ಫೊನ್ಸ್ ಮಾಮ ತಾವೇ ಹಲಗೆ ಹೇರಿಕೊಂಡು ಬಂದರು. ನಾವು ಹೋಗಿ ತರುವುದೆಂದಿತ್ತು, ಹೇಳದೆ ಬಂದರು. ನಿಮ್ಮಪ್ಪ ಒಂದು ಕೆನ್ನೆಗೆ ಸೋಪು ಹಚ್ಚಿಕೊಂಡವರು ಹಾಗೇ ಹೊರಗೆ ಓಡಿದರು. ಹಲಗೆ ಓಕ್ ಅಲ್ಲ. ಹಳೆಯ ಪೈನ್ ಮರ, ಜೇನಿನ ಬಣ್ಣ, ಕೊಟ್ಟಿಗೆಯ ತುಂಬ ರಾಳದ ವಾಸನೆ ಹರಡಿತು. ನಿಮ್ಮಪ್ಪ ಓಕ್ ಯಾಕೆ ಹಾಕಲಿಲ್ಲ ಎಂದು ಕೇಳಿದ್ದಕ್ಕೆ "ಓಕ್ ಷೋಕಿಲಾಲರಿಗೆ. ಇದು ಫ್ಯಾಕ್ಟರಿಯಿಂದ ಬಂದಾಗ ಇದ್ದದ್ದು ಪೈನೇ" ಎಂದರು. ಆಮೇಲೆ ಕೆಲಸಕ್ಕೆ ಇಳಿದರು. ಒಂದೂವರೆ ವರ್ಷದ ಮೇಲೆ ಇಬ್ಬರೂ ಒಂದೇ ಸೂರಿನಡಿ ನಿಂತಿದ್ದರು. ಆದರೂ ಬಾಯಲ್ಲಿ ಹಲಗೆ ಬೋಲ್ಟು ಬಿಟ್ಟು ಬೇರೆ ಮಾತಿಲ್ಲ. "ಎತ್ತು." "ಎತ್ತಿದೆ." "ಸ್ವಲ್ಪ ಆಚೆ." "ಯಾವಾಚೆ?" "ಬೊಹುಮಿಲ್, ಅಲ್ಲಿ ಇರೋದೇ ಎರಡು ಆಚೆ. ಒಂದರಲ್ಲಿ ನಾನಿದೀನಿ." ನಾನು ಬಟ್ಟೆ ಒಣಹಾಕುವ ನೆಪದಲ್ಲಿ ಅಲ್ಲೇ ಸುಳಿದಾಡುತ್ತಿದ್ದೆ. ಹಲಗೆಗಳು ಒಂದರ ಪಕ್ಕ ಒಂದು ಎಷ್ಟು ಚೆನ್ನಾಗಿ ಕೂತವು ಅನ್ನುತ್ತೀಯ, ಗೇಣೂ ಇಲ್ಲ, ಕೂದಲೆಳೆಯೂ ಇಲ್ಲ. ಊಟಕ್ಕೆ ಕರೆದೆ. ತಂದಿದ್ದೇನೆ ಎಂದು ತಮ್ಮ ಗಾಡಿಯಲ್ಲೇ ಕೂತು ಬ್ರೆಡ್ಡು ಬಿಚ್ಚಿದರು. ನಿಮ್ಮಪ್ಪ ತಟ್ಟೆ ಹಿಡಿದುಕೊಂಡು ಹೋಗಿ, ಆ ಗಾಡಿಯ ಬಾಗಿಲ ಪಕ್ಕ ನಿಂತು ಉಂಡರು. ನನ್ನ ಗಂಡನ ಮೇಲೆ ಅವತ್ತು ಬಂದಷ್ಟು ಪ್ರೀತಿ ಮದುವೆಯ ದಿನವೂ ಬಂದಿರಲಿಲ್ಲ.

ಊಟವಾದ ಮೇಲೆ ನಿಮ್ಮಪ್ಪ ಮರಕ್ಕೆ ಎಷ್ಟಾಯಿತು ಎಂದು ಕೇಳಿದರು. "ಮರಕ್ಕೇನೂ ಬೇಡ" ಎಂದರು ಆಲ್ಫೊನ್ಸ್ ಮಾಮ. ಹಾಗೆಂದರೆ ಹೇಗೆ ಎಂದು ನಿಮ್ಮಪ್ಪ ಪಟ್ಟು ಹಿಡಿದರು. ಆಗ ಹೇಳಿದರು: "ಲಾಡಿಸ್ ಮನೆಗೆ ಅಂತ ತೆಗೆದಿಟ್ಟಿದ್ದು ಕಣಯ್ಯಾ. ನಡುಮನೆ ನೆಲಕ್ಕೆ. ಅಟ್ಟದಲ್ಲಿ ಕೂತಿತ್ತು, ದಿನಾ ನೋಡಿ ನೋಡಿ ಸಾಕಾಯ್ತು." ಹಳ್ಳದ ಪಕ್ಕದ ಜಾಗದಲ್ಲಿ ಲಾಡಿಸ್ ಮನೆ ಕಟ್ಟುತ್ತೇನೆ ಅನ್ನುತ್ತಿದ್ದನಲ್ಲ, ಆ ಮನೆಗೆ. ನಿಮ್ಮಪ್ಪ ಏನೋ ಮರೆತವರಂತೆ ಕೊಟ್ಟಿಗೆಯ ಹಿಂದಕ್ಕೆ ಹೋದರು, ಬರುವಾಗ ಕಣ್ಣು ಕೆಂಪಗಿತ್ತು. ಧೂಳು ಅಂದರು. ನಾನು ಒದ್ದೆ ಬಟ್ಟೆಯ ಬುಟ್ಟಿ ಹಿಡಿದು ನಿಂತೇ ಇದ್ದೆ.

ಇಷ್ಟಾದ ಮೇಲೆ ಆದದ್ದೇ ನಮಗೆ ಅರ್ಥವಾಗಿಲ್ಲ. ಪಟ್ಟಿಗಳನ್ನೆಲ್ಲ ಹಾಸಿ, ಬೋಲ್ಟುಗಳನ್ನು ಇಳಿಸಿ, ಆಲ್ಫೊನ್ಸ್ ಮಾಮ ಗಾಡಿಯ ಅಡಿಗೆ ನುಸುಳಿ ನಟ್ಟುಗಳನ್ನು ಬೆರಳಲ್ಲಿ ಹತ್ತಿಸುತ್ತ ಹೋದರು. ಎಲ್ಲ ಹತ್ತಿಸಿ ಆದ ಮೇಲೆ ಸ್ಪ್ಯಾನರ್ ತೆಗೆದುಕೊಂಡು ಬಿಗಿ ಮಾಡಬೇಕಲ್ಲವೇ? ಹೊರಗೆ ಬಂದು ಸ್ಪ್ಯಾನರನ್ನು ಚೀಲಕ್ಕೆ ಹಾಕಿಕೊಂಡು "ಇವತ್ತಿಗೆ ಸಾಕು" ಎಂದು ಹೊರಟೇಬಿಟ್ಟರು. ಬಿಸಿಲು ಇನ್ನೂ ನೆತ್ತಿಯ ಮೇಲಿತ್ತು. ನಿಮ್ಮಪ್ಪ ನಾನೇ ಬಿಗಿ ಮಾಡುತ್ತೇನೆ ಎಂದರು, ನಾನು ಮುಟ್ಟಗೊಡಲಿಲ್ಲ. ಅವರ ಕೆಲಸ, ಅವರೇ ಮುಗಿಸಲಿ ಎಂದೆ. ಆಗಿನಿಂದ ಇಬ್ಬರಿಗೂ ಅದೇ ಚರ್ಚೆ. ದುಡ್ಡಿನ ಮಾತೆತ್ತಿದ್ದು ತಪ್ಪಾಯಿತು ಎಂದು ನಿಮ್ಮಪ್ಪನ ಲೆಕ್ಕ. ಮಗನ ಮನೆಯ ಮರವನ್ನು ಇನ್ನೊಬ್ಬನಿಗೆ ಮಾರುವ ಗಾಡಿಗೆ ಹಾಕಿದೆನಲ್ಲ ಎಂದು ಅವರಿಗೆ ನಡುವೆಯೇ ಮನಸ್ಸು ಮುರಿಯಿತು ಎಂದು ನನ್ನ ಲೆಕ್ಕ. ಒಟ್ಟಿನಲ್ಲಿ ಗಾಡಿ ಹೊಸ ತಳ ಹಾಕಿಕೊಂಡು ಅರ್ಧಕ್ಕೆ ನಿಂತಿದೆ, ತಟ್ಟಿದರೆ ಪಟ್ಟಿಗಳು ಗಡಗಡ ಅನ್ನುತ್ತವೆ.

ಈಗ ನೀನೇ ಹೇಳು, ಆ ಹಲ್ಲಿನ ಡಾಕ್ಟರಿಗೆ ನಾನು ಏನೆನ್ನಲಿ? ಅವನು ಒಳ್ಳೆಯವನೇ, ಅವನ ಮೇಲೆ ನನಗೇನೂ ಇಲ್ಲ. ಆದರೆ ಲಾಡಿಸ್ ನಡೆದಾಡಬೇಕಿದ್ದ ನೆಲವನ್ನು ಅವನು ಬಟ್ಟೆಯಲ್ಲಿ ಒರೆಸಿ ಹೊಳಪು ಮಾಡುವುದು ನನಗೆ ಬೇಡ. ಹಾಗೆಂದು ಬೇಡ ಅನ್ನಲಿಕ್ಕೆ ಗಾಡಿ ನನ್ನದಲ್ಲ, ಅಜ್ಜ ನಿನಗೆಂದು ಬಿಟ್ಟುಹೋದದ್ದು. ಮಾರಲೇಬೇಕು ಎಂದಿದ್ದರೆ ಕಾರ್ಡಿನಲ್ಲಿ ಬರೆಯಬೇಡ. ನಿನ್ನ ಮೀನಿನ ಕಾರ್ಖಾನೆಯ ಆಫೀಸಿನಿಂದ ಫೋನ್ ಮಾಡಿ ನಿನ್ನ ಬಾಯಿಂದ ಹೇಳು, ನಾನು ಕೇಳಿಸಿಕೊಳ್ಳುತ್ತೇನೆ. ಇಷ್ಟು ದಿನ ಲಾಡಿಸ್‌ನ ಅಪ್ಪ ಅಮ್ಮ ನಿನ್ನನ್ನು ದೂಷಿಸುತ್ತಿದ್ದಾರೆ ಎಂದುಕೊಂಡೇ ನಾನೂ ಇದ್ದೆ. ಈಗ ನನಗೇ ಗೊತ್ತಾಗುತ್ತಿಲ್ಲ.

ಸತ್ತವರ ಹಬ್ಬಕ್ಕೆ ಸೇವಂತಿಗೆ ಬೇಕಾದಷ್ಟು ಅರಳಿದೆ. ಅಜ್ಜನ ಗೋರಿಗೂ ಲಾಡಿಸ್‌ನ ಗೋರಿಗೂ ಒಂದೊಂದು ಕುಂಡ ಇಡುತ್ತೇನೆ. ಮೋಂಬತ್ತಿ ನಮ್ಮಿಬ್ಬರ ಹೆಸರಿನಲ್ಲಿ ಹಚ್ಚುತ್ತೇನೆ, ನಿನ್ನ ಹೆಸರಿನಲ್ಲಿ ಹಚ್ಚುವುದಿಲ್ಲ. ಅದು ನೀನು ಬಂದು ಹಚ್ಚಬೇಕಾದದ್ದು. ನಿಮ್ಮಪ್ಪ ನಿನಗೆ ಪ್ರೀತಿ ತಿಳಿಸಿದ್ದಾರೆ, ಅಂದರೆ ನಾನು ಬರೆಯುವಾಗ ಹಿಂದೆ ನಿಂತು ಇಣುಕಿ "ದಪ್ಪ ಕೋಟು ಹಾಕ್ಕೊಳ್ಳಕ್ಕೆ ಹೇಳು" ಎಂದಿದ್ದಾರೆ. ಈಗ ಚರ್ಚಿಗೆ ಹೊತ್ತಾಯಿತೆಂದು ಹೊರಗೆ ಹಾರ್ನ್ ಒತ್ತುತ್ತಿದ್ದಾರೆ. ದೇವಮಾತೆ ನಿನ್ನ ಕೈಬೆರಳುಗಳನ್ನು ಕಾಯಲಿ, ರಾತ್ರಿ ನಿದ್ದೆ ಕೊಡಲಿ.

ನಿನ್ನ ದಾರಿ ಕಾಯುವ ಅಮ್ಮ,
ಹೆಡ್ವಿಕಾ

ತಾ.ಕ.: ಚರ್ಚಿನಿಂದ ಈಗಷ್ಟೇ ಬಂದೆ, ತಲೆಯ ಮೇಲಿನ ಟೋಪಿಯನ್ನೂ ತೆಗೆದಿಲ್ಲ. ಲಕೋಟೆ ಅಂಟಿಸದೆ ಹೋದದ್ದು ಒಳ್ಳೆಯದಾಯಿತು. ಚರ್ಚಿನ ಮೆಟ್ಟಿಲ ಹತ್ತಿರ ಆಲ್ಫೊನ್ಸ್ ಮಾಮ ನನಗಾಗಿ ಕಾಯುತ್ತಿದ್ದರು. ನಾನೇ ನೇರವಾಗಿ ಕೇಳಿದೆ, ನಟ್ಟು ಯಾಕೆ ಬಿಗಿ ಮಾಡದೆ ಬಿಟ್ಟಿರಿ ಆಲ್ಫೊನ್ಸಣ್ಣಾ ಎಂದು. "ಅದಕ್ಕೆ ಇಬ್ಬರು ಬೇಕು ಕಣಮ್ಮಾ. ಒಬ್ಬ ಹಲಗೆ ಮೇಲೆ ಭಾರ ಬಿಟ್ಟು ನಿಲ್ಲಬೇಕು, ಒಬ್ಬ ಅಡಿಗೆ ಮಲಗಿ ತಿರುಗಿಸಬೇಕು" ಎಂದರು. ನಿಮ್ಮಪ್ಪ ಇದ್ದರಲ್ಲ ಅಂದೆ. "ಬೊಹುಮಿಲ್ ಬೇಡ. ಎರ್ವಿನ್ ಬಂದು ನಿಲ್ಲಲಿ, ನಾನು ಅಡಿಗೆ ಮಲಗ್ತೀನಿ. ಮಧ್ಯ ಹಲಗೆ ಇರುತ್ತೆ. ನನ್ನ ಮುಖ ಅವನಿಗೆ ಕಾಣಲ್ಲ, ಅವನ ಮುಖ ನಂಗೆ ಕಾಣಲ್ಲ. ಆವಾಗ ಹೇಳೋಕಾಗುತ್ತೆ ಅವನಿಗೆ. ಡಾನ್ಸಿಂದ ಬರ್ತಾ ನಮ್ಮ ಹುಡುಗ ಯಾವಾಗ್ಲೂ ಹಾಡ್ಕೊಂಡೇ ಬರ್ತಿದ್ದ. ಅವತ್ತು ಏನು ಹಾಡ್ತಿದ್ದ ಅಂತ ಹೇಳಲಿ, ನಂಗಷ್ಟೇ ಸಾಕು. ನಾನು ಬೈಯಲ್ಲ. ವ್ಲಾಸ್ತಾ ಬೈದಾಳು, ಬೈಸ್ಕೊಳ್ಳಲಿ. ಮಾರೋದಾದ್ರೆ ಆಮೇಲೆ ಮಾರ್ಕೊಳ್ಳಿ" ಎಂದು ಟೋಪಿ ಹಾಕಿಕೊಂಡು ಹೊರಟರು. ಡಾಕ್ಟರಿಗೆ ಬರಬೇಡಿ ಎಂದು ಈಗ ತಾನೇ ಫೋನ್ ಮಾಡಿದೆ, ನಿಮ್ಮಪ್ಪನಿಗೆ ಇನ್ನೂ ಹೇಳಿಲ್ಲ. ನಟ್ಟುಗಳು ಹಾಗೇ ಸಡಿಲ ಇವೆ. ನೀನು ಬರುವವರೆಗೆ ಯಾರೂ ಮುಟ್ಟದಂತೆ ನೋಡಿಕೊಳ್ಳುತ್ತೇನೆ. ಬಾ.